‘ತಿಳೀತಲ್ಲ?’ ಅಂತ ಕೇಳಿದರೆ ಸಾಲದು

ವಿಜಯಪುರದಲ್ಲಿ ಯಾವ ಓಪಿಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ‘ತಿಳೀತಲ್ಲ?’ ಎದುರಿಗೆ ಕೂತವರು ‘ಹ್ಞೂಂ ರೀ’ ಅಂತ ತಲೆ ಆಡಿಸುತ್ತಾರೆ. ಇಂಡಿ, ಸಿಂದಗಿ ಕಡೆಯಿಂದ ಬಸ್ ಹಿಡಿದು ಬಂದು, ಪಾಳಿ ಹಚ್ಚಿ ನಿಂತು, ಹಿಂದೆ ಇನ್ನೂ ಅಷ್ಟು ಜನ ಕಾಯುತ್ತಿರುವಾಗ ಡಾಕ್ಟರ ಮುಂದೆ ‘ತಿಳೀಲಿಲ್ಲ’ ಅನ್ನುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ ಹೇಳಿ?

ನಮ್ಮ ಓಣಿಯ ಆಯಿಯೊಬ್ಬರು ಶುಗರ್ ಗುಳಿಗೆ ಬಿಟ್ಟುಬಿಟ್ಟಿದ್ದರು. ‘ಈಗ ಆರಾಮ ಐತಲ್ಲ, ಮತ್ಯಾಕ?’ ಅಂದರು. ಜ್ವರ ಇಳಿದ ಮೇಲೆ ಗುಳಿಗೆ ಬಿಡುತ್ತೇವೆ ಅಲ್ವಾ, ಅದೇ ಲೆಕ್ಕ ಅವರದು. ಶುಗರ್ ಹಾಗಲ್ಲ, ಮೈಗೆ ಏನೂ ಅನಿಸದಿದ್ದರೂ ಒಳಗೊಳಗೆ ಕಣ್ಣು, ಕಿಡ್ನಿ, ಕಾಲಿನ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ ಅಂತ ಯಾರೂ ಕೂತು ಹೇಳಿರಲಿಲ್ಲ.

ಇಂಥವರನ್ನು ಸುಮ್ನೆ ‘ಮಾತು ಕೇಳದ ಪೇಷಂಟ್’ ಅಂತ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಇದಕ್ಕೆ ಟೀಚ್-ಬ್ಯಾಕ್ ಅನ್ನುವ ಸರಳ ದಾರಿಯಿದೆ. ‘ಮನೀಗೆ ಹೋಗಿ ಈ ಗುಳಿಗೆ ಹೆಂಗ ತಗೋತೀರಿ, ನೀವೇ ಹೇಳ್ರಿ ನೋಡೋಣ’ ಅಂತ ಕೇಳುವುದು. ತಪ್ಪು ಹೇಳಿದರೆ ಪೇಷಂಟ್ ಫೇಲ್ ಆದಂತಲ್ಲ, ಹೇಳಿಕೊಟ್ಟವರು ಇನ್ನೊಮ್ಮೆ ಬೇರೆ ರೀತಿ ಹೇಳಬೇಕು, ಅಷ್ಟೇ.

ರೋಗಿಯ ಜೊತೆ ಮಾತಾಡುವುದನ್ನು ಕಲಿಸುವ ಏಟ್‌ಕಾಮ್ ಪಾಠ 2019ರಿಂದ ಎಂಬಿಬಿಎಸ್‌ನಲ್ಲಿದೆ. ಬಹಳ ಒಳ್ಳೆಯದು. ಔಷಧಿ ಅಂಗಡಿಯವರಿಗೂ ಇಂಥದ್ದನ್ನು ಕಲಿಸಲಿ, ಯಾಕಂದರೆ ಡಾಕ್ಟರ ಮುಂದೆ ಬಾಯಿ ಬಿಡದವರು ಚೀಟಿ ಹಿಡಿದು ‘ಇದು ಊಟದ ಮುಂಚೆನೋ ಆಮೇಲೋ?’ ಅಂತ ಕೇಳುವುದು ಅವರನ್ನೇ.