ಮಗುವಿನ ಹಾಳೆ ಮೇಲೆ ಗೆರೆ ಎಳೆಯದ ಮೇಡಂ

ನಮ್ಮ ತರಬೇತಿ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮೇಡಂ ಒಂದು ವಿಷಯದಲ್ಲಿ ಮಾತ್ರ ತುಂಬ ಕಟ್ಟುನಿಟ್ಟು. ಮಗುವಿನ ಹಾಳೆ ಮೇಲೆ ಟೀಚರ್ ಪೆನ್ಸಿಲ್ ಇಡಬಾರದು. ತಿದ್ದಬಾರದು, 'ಹೀಗೆ ನೋಡು' ಅಂತ ಮೂಲೆಯಲ್ಲಿ ಚಿಕ್ಕದಾಗಿ ಬರೆದು ತೋರಿಸಲೂಬಾರದು. ತೋರಿಸಲೇಬೇಕು ಅಂದರೆ ಬೇರೆ ಹಾಳೆ ತಗೊಳ್ಳಿ, ತೋರಿಸಿ, ಆಮೇಲೆ ಅದನ್ನು ಎತ್ತಿಟ್ಟುಬಿಡಿ ಅನ್ನುತ್ತಿದ್ದರು. ಚಿತ್ರ ಕಲಿಸುವುದು ಅಂದರೆ ಬೋರ್ಡ್ ಮೇಲೆ ಎರಡು ಬೆಟ್ಟ, ನಡುವೆ ಒಂದು ಸೂರ್ಯ ಬರೆದು ಮಕ್ಕಳಿಂದ ಅದನ್ನೇ ಬರೆಸುವುದು ಅಂದುಕೊಂಡು ಬಂದವರು ನಾವು. 'ಹಾಗಾದ್ರೆ ನಾವು ಕಲಿಸೋದು ಏನನ್ನ ಮೇಡಂ?' ಅಂತ ನಮ್ಮಲ್ಲೊಬ್ಬರು ಕೇಳಿಯೇಬಿಟ್ಟರು. ಕೋರ್ಸ್ ಮುಗಿಯುವವರೆಗೂ ಅವರು ಉತ್ತರ ಕೊಟ್ಟಿದ್ದು ಆ ಒಂದು ಪ್ರಶ್ನೆಗೇ.

ಮೊದಲು ಅವರು ನಮಗೆ ಹೇಳಿಕೊಟ್ಟದ್ದು ಮಕ್ಕಳ ಚಿತ್ರವನ್ನು ಓದುವುದನ್ನು. ಪಾಠ ಮಾಡಲು ಹೋಗುತ್ತಿದ್ದ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗನೊಬ್ಬ ಹಾಳೆಯ ಮೇಲ್ತುದಿಗೆ ಒಂದು ನೀಲಿ ಪಟ್ಟಿ ಬಳಿದಿದ್ದ, ಕೆಳಗೆ ಒಂದು ಹಸಿರು ಪಟ್ಟಿ. ನಡುವೆ ಪೂರ್ತಿ ಬಿಳಿ. 'ಆಕಾಶ ನೆಲದವರೆಗೂ ಬರಬೇಕಲ್ವಾ?' ಅಂತ ನಮ್ಮ ಸಹಪಾಠಿ ಕೇಳಿದಳು. ಹುಡುಗ ಅವಳನ್ನೇ ನೋಡಿ, 'ಆಕಾಶ ಮೇಲಿದೆ. ನಾವು ಕೆಳಗಿದ್ದೀವಿ. ಮಧ್ಯ ಇರೋದು ಗಾಳಿ' ಅಂದ. ಮೇಡಂಗೆ ಆದ ಖುಷಿ ಅಷ್ಟಿಷ್ಟಲ್ಲ. ಆ ಮಾತನ್ನು ನಮ್ಮೆಲ್ಲರ ನೋಟ್‌ಬುಕ್ಕಿನಲ್ಲಿ ಬರೆಸಿದರು.

ಏಳೆಂಟು ವರ್ಷದ ಮಗು ಬರೆಯುವುದು ಕಣ್ಣಿಗೆ ಕಂಡದ್ದಕ್ಕಿಂತ ಜಾಸ್ತಿ ತನಗೆ ಗೊತ್ತಿರುವುದನ್ನು. ಮೇಜಿಗೆ ನಾಲ್ಕು ಕಾಲು ಇದೆ ಅಂತ ಗೊತ್ತು, ಅದಕ್ಕೇ ನಾಲ್ಕೂ ಕಾಲನ್ನು ನಾಲ್ಕು ದಿಕ್ಕಿಗೆ ಚಾಚುತ್ತದೆ. ಮನೆಯೊಳಗೆ ಅಮ್ಮ ಇದ್ದಾಳೆ ಅಂತ ಗೊತ್ತು, ಗೋಡೆ ಇದ್ದರೂ ಅಮ್ಮ ಕಾಣುತ್ತಾಳೆ. ಮಕ್ಕಳ ಚಿತ್ರ ಹಂತ ಹಂತವಾಗಿ ಹೇಗೆ ಬದಲಾಗುತ್ತದೆ ಅಂತ ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ವಿವರವಾಗಿ ಬರೆದಿದ್ದರು. ಸುಮಾರು ಏಳರಿಂದ ಒಂಬತ್ತು ವರ್ಷದ ಮಗು ಮನುಷ್ಯ, ಮರ, ಮನೆಗೆ ತನ್ನದೇ ಒಂದೊಂದು ಗುರುತು ಮಾಡಿಕೊಂಡು, ಎಲ್ಲವನ್ನೂ ಕೆಳಗಿನ ಒಂದು ಗೆರೆಯ ಮೇಲೆ ನಿಲ್ಲಿಸುತ್ತದೆ. ಇದು ಗೊತ್ತಿದ್ದರೆ 'ತಪ್ಪು' ಅನ್ನುವ ಮಾತು ಬಾಯಿಗೇ ಬರುವುದಿಲ್ಲ. ಚಿತ್ರಕಾರ ಪಾಲ್ ಕ್ಲೀ 1911ರಲ್ಲಿ ತಮ್ಮ ಕೃತಿಗಳ ಪಟ್ಟಿ ಮಾಡಲು ಶುರು ಮಾಡಿದಾಗ, ಬಾಲ್ಯದಲ್ಲಿ ಬರೆದ ಕೆಲವು ಚಿತ್ರಗಳನ್ನೂ ಅದರಲ್ಲಿ ಸೇರಿಸಿಕೊಂಡರು. ಮೇಡಂಗೆ ಇದು ಬಹಳ ಇಷ್ಟದ ಸಂಗತಿ.

ಹಾಗಂತ 'ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ, ಕಲೆ ತಾನಾಗೇ ಬರುತ್ತೆ' ಅನ್ನುವವರ ಪೈಕಿಯೂ ಅವರಲ್ಲ. ದೊಡ್ಡವರ ಮಾದರಿಯನ್ನು ಮಕ್ಕಳ ಮೇಲೆ ಹೇರಬಾರದು ಅಂತ ವಿಯೆನ್ನಾದಲ್ಲಿ 1897ರಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ತೆರೆದ ಫ್ರಾನ್ಸ್ ಚಿಜೆಕ್ ಬಗ್ಗೆ ಅವರಿಗೆ ಗೌರವ ಇತ್ತು. ಆದರೆ ಒಂಬತ್ತು ಹತ್ತು ವರ್ಷ ಆಗುವ ಹೊತ್ತಿಗೆ ಮಗು ತನ್ನ ಚಿತ್ರವನ್ನು ಎದುರಿಗಿರುವ ವಸ್ತುವಿನ ಜೊತೆ ಹೋಲಿಸಿ ನೋಡಲು ಶುರು ಮಾಡುತ್ತದೆ. 'ನಂಗೆ ಚಿತ್ರ ಬರಲ್ಲ' ಅನ್ನುವ ಮಾತು ಹುಟ್ಟುವುದು ಆಗ. ಆ ಹೊತ್ತಿಗೆ ಕೈಯಲ್ಲಿ ಒಂದಿಷ್ಟು ಕಸುಬು ಇಲ್ಲದಿದ್ದರೆ ಎಷ್ಟೋ ಮಕ್ಕಳು ಪೆನ್ಸಿಲ್ ಕೆಳಗಿಟ್ಟವರು ಮತ್ತೆ ಎತ್ತುವುದೇ ಇಲ್ಲ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನಾನೂ ಇದನ್ನೇ ಹೇಳುತ್ತೇನೆ. ಚಿತ್ರ ಮಗುವಿನದೇ ಆಗಿರಲಿ, ಕಸುಬನ್ನು ಮಾತ್ರ ನಾವು ಕೂತು ಕಲಿಸಬೇಕು.

ಕಸುಬು ಅಂದರೆ ಸಣ್ಣ ಸಣ್ಣ ವಿಷಯಗಳೇ. ವೃತ್ತ ಕತ್ತರಿಸುವಾಗ ಕತ್ತರಿ ಹಿಡಿದ ಕೈ ನಿಂತಲ್ಲೇ ನಿಂತಿರಲಿ, ಇನ್ನೊಂದು ಕೈ ಹಾಳೆಯನ್ನು ತಿರುಗಿಸಲಿ. ಎಡಗೈ ಮಗುವಿಗೆ ಎಡಗೈ ಕತ್ತರಿಯೇ ಬೇಕು. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅದರ ಅಲಗು ಗೆರೆಯನ್ನು ಮುಚ್ಚಿಬಿಡುತ್ತದೆ, ಕೈ ಒತ್ತಿದಷ್ಟೂ ಅಲಗುಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಹಾಳೆ ಮಡಚಿಕೊಳ್ಳುತ್ತದೆ. ಅದು ಗೊತ್ತಿಲ್ಲದ ಟೀಚರ್ ಮಗುವನ್ನು ಸುಮ್ನೆ ಬೈಯುತ್ತಾರೆ. ಬ್ರಷ್ಷನ್ನು ತಲೆಕೆಳಗಾಗಿ ನೀರಿನಲ್ಲಿ ಬಿಡಬಾರದು, ಕೂದಲು ಸೊಟ್ಟಗಾಗುತ್ತದೆ. ಹೀಗೆ.

ಬಣ್ಣದ ಪಾಠ ಮಾತ್ರ ನನಗೆ ಇವತ್ತಿಗೂ ಹಬ್ಬ. ಮಕ್ಕಳಿಗೆ ಹಸಿರು ಬಣ್ಣದ ಡಬ್ಬಿಯನ್ನೇ ಕೊಡುತ್ತಿರಲಿಲ್ಲ. ಕೆಂಪು, ಹಳದಿ, ನೀಲಿ, ಬಿಳಿ, ಇಷ್ಟೇ. ಪ್ರತಿಯೊಬ್ಬರೂ ಹೊರಗೆ ಹೋಗಿ ಒಂದು ಎಲೆ ತರಬೇಕು, ಆ ಎಲೆಯ ಬಣ್ಣವನ್ನೇ ಕಲಸಬೇಕು. ಮಕ್ಕಳು ಮೊದಲು ಮಾಡುವುದು ಏನು? ನೀಲಿಗೆ ಹಳದಿ ಸುರಿಯುತ್ತಾರೆ. ಎಷ್ಟು ಹಳದಿ ಹಾಕಿದರೂ ಸಾಲದು, ಬಟ್ಟಲು ತುಂಬಿಹೋಗುತ್ತದೆ. ತಿಳಿ ಬಣ್ಣ ಮೊದಲು, ಅದಕ್ಕೆ ಗಾಢ ಬಣ್ಣ ಬ್ರಷ್ಷಿನ ತುದಿಯಷ್ಟೇ ಅಂತ ಆಗ ಹೇಳಬೇಕು, ಮೊದಲೇ ಹೇಳಬಾರದು. ಹಸಿರೇನೋ ಬಂತು, ಆದರೆ ಎಲೆಯ ಪಕ್ಕ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಮೇಡಂ, 'ಒಂಚೂರೇ ಚೂರು ಕೆಂಪು ಹಾಕಿ ನೋಡು' ಅನ್ನುತ್ತಿದ್ದರು. ಹಸಿರಿಗೆ ಕೆಂಪಾ ಅಂತ ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ಕಲಸಿದ ಕೂಡಲೇ ಆ ಹಸಿರು ತಣ್ಣಗಾಗಿ, ಎದುರಿಗಿದ್ದ ಎಲೆಯ ಹಸಿರಿಗೆ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಯಾರೋ ಒಬ್ಬರು ಎಲೆ ಮಗುಚಿ, 'ಟೀಚರ್, ಹಿಂದುಗಡೆ ಬೇರೆ ಹಸಿರು!' ಅಂತ ಕೂಗುತ್ತಿದ್ದರು. ಮತ್ತೆ ಬಿಳಿ ಡಬ್ಬಿಯ ಮುಚ್ಚಳ ತೆಗೆಯುವುದು.

ವಿನ್ಯಾಸ ಅಂದರೆ ದೊಡ್ಡವರ ವಿಷಯ ಅಂದುಕೊಂಡಿದ್ದೆವು. ಜರ್ಮನಿಯಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಕಲಾಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಬುನಾದಿ ಪಾಠ ಮಾಡಿದ ಯೊಹಾನ್ನೆಸ್ ಇಟ್ಟೆನ್, ಯೋಸೆಫ್ ಆಲ್ಬರ್ಸ್ ಇಬ್ಬರೂ ಅದಕ್ಕೂ ಮುಂಚೆ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಾಗಿದ್ದರು ಅಂತ ಮೇಡಂ ಹೇಳಿದ ದಿನ ನಮಗೆ ಎಷ್ಟು ಹೆಮ್ಮೆಯಾಯಿತು! ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಗೆ ಬರೀ ಕಾಗದ ಕೊಟ್ಟು, ಅದರಿಂದ ಏನೇನು ಸಾಧ್ಯ ಅಂತ ಹುಡುಕಿಸುತ್ತಿದ್ದರು. ಅದೇ ಪಾಠವನ್ನು ನಾವು ಮೂರನೇ ತರಗತಿಗೆ ಮಾಡಿದೆವು. ಒಂದು ಹಾಳೆ, ಒಂದು ಚೂರು ಅಂಟುಪಟ್ಟಿ. ಒಂದು ಪುಸ್ತಕ ನೆಲದಿಂದ ಒಂದು ಗೇಣು ಮೇಲೆ ನಿಲ್ಲಬೇಕು. ಚೌಕ ಕಂಬದ ಚಪ್ಪಟೆ ಮೈ ಬೇಗ ಬಾಗುತ್ತದೆ. ದುಂಡಗೆ ಸುತ್ತಿದರೆ ಭಾರ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ, ಪುಸ್ತಕದ ಮೇಲೆ ಪುಸ್ತಕ ಇಟ್ಟರೂ ತಡೆಯುತ್ತದೆ. ಇದನ್ನು ನಾವು ಹೇಳಲೇ ಇಲ್ಲ. ಅವರ ಕೈಗೇ ಸಿಕ್ಕಿತು.

ಅದಾದ ಮೇಲೆ ಬರುತ್ತಿದ್ದದ್ದು ಮೇಡಂ ಅವರ ಖಾಯಂ ಪ್ರಶ್ನೆ: 'ಇದು ಯಾರಿಗೆ?' ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಕನ್ನಡಕ ಇಡಲು ರಟ್ಟಿನ ಡಬ್ಬಿ ಮಾಡಿದ್ದಳು. ಉದ್ದಕ್ಕೆ, ಚೆಂದಕ್ಕೆ, ಸುತ್ತಲೂ ಹೂವು. ಮನೆಗೆ ಒಯ್ದು ನೋಡಿದರೆ ಕನ್ನಡಕ ತಳ ಸೇರಿತು, ಅಜ್ಜಿಯ ಬೆರಳು ಅಲ್ಲಿಗೆ ಎಟುಕಲಿಲ್ಲ. ಕೈ ತಗುಲಿದರೆ ಡಬ್ಬಿಯೇ ಉರುಳಿತು. ಮರುವಾರ ಅವಳು ತಳವನ್ನು ಅಗಲ ಮಾಡಿದಳು, ಎತ್ತರ ಇಳಿಸಿದಳು, ಮುಂದಿನ ಗೋಡೆಯನ್ನು ಅರ್ಧಕ್ಕೆ ಕತ್ತರಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಕೈಯಿಂದ ತಡಕಿ ಕನ್ನಡಕ ತೆಗೆದು ನೋಡಿದಳು. 'ಅಜ್ಜಿ ಕನ್ನಡಕ ತೆಗೆದಿಡೋದು ದೀಪ ಆರಿಸಿದ ಮೇಲೆ' ಅಂತ ಕಾರಣವನ್ನೂ ಕೊಟ್ಟಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೂವು ಈ ಸಲ ಕೊನೆಗೆ ಬಂತು.

ಮಕ್ಕಳ ಜೊತೆ ಮಾತಾಡುವುದನ್ನೂ ಕಲಿತೆವು. 'ಇದೇನು?' ಅಂತ ಕೇಳಿದರೆ, ನನ್ನ ಚಿತ್ರ ಅರ್ಥವಾಗಲಿಲ್ಲ ಅಂತ ಮಗು ಕುಗ್ಗುತ್ತದೆ. 'ಇದರ ಬಗ್ಗೆ ಹೇಳು' ಅಂದರೆ ಕಥೆಯೇ ಬರುತ್ತದೆ. ಬರೀ 'ಚೆನ್ನಾಗಿದೆ' ಅಂದರೆ ಮಗುವಿಗೆ ಏನೂ ಸಿಗುವುದಿಲ್ಲ. 'ಈ ಗೆರೆಯನ್ನ ಗಟ್ಟಿಯಾಗಿ ಒತ್ತಿದ್ದೀಯ, ಆ ಕಡೆದು ಮೆತ್ತಗಿದೆ' ಅಂದು ನೋಡಿ. ಮಗು ಮತ್ತೆ ತನ್ನ ಹಾಳೆಯ ಕಡೆ ಬಗ್ಗುತ್ತದೆ.

ಕಾಲೇಜಿನಲ್ಲಿ ಕಲಾ ಕೋಣೆ ಹೊಸದಾಗಿ ಕಟ್ಟುತ್ತಿದ್ದಾರೆ ಅಂತ ಕೇಳಿದೆ. ಹಳೆಯ ವಿದ್ಯಾರ್ಥಿಯಾಗಿ ನನ್ನದೊಂದು ಕೋರಿಕೆ. ಕೋಣೆಯ ಒಳಗೇ ನೀರಿನ ನಲ್ಲಿ ಇರಲಿ, ಸಿಂಕು ಎಂಟು ವರ್ಷದ ಮಗುವಿಗೂ ಎಟುಕುವಷ್ಟು ಎತ್ತರದಲ್ಲಿರಲಿ. ನೀರು ಹೊರಗಿದ್ದರೆ ಅರ್ಧ ಪೀರಿಯಡ್ ಬಕೆಟ್ ಹೊರುವುದರಲ್ಲೇ ಹೋಗುತ್ತದೆ. ಆಗ ಟೀಚರ್ ಕ್ರೇಯಾನ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಮಕ್ಕಳಿಗೆ ಬಣ್ಣ ಕಲಸುವ ದಿನ ಬರುವುದೇ ಇಲ್ಲ.