ಹಳೆಯ ತೊಟ್ಟಿ ಮನೆಗೆ ಹೊಸ ಸೌಕರ್ಯ: ಮೊದಲು ಗೋಡೆಯ ತೇವ, ಆಮೇಲೆ ಅಲಂಕಾರ

ತೀರ್ಥಹಳ್ಳಿ ಭಾಗದ ಹಳೆಯ ತೊಟ್ಟಿ ಮನೆಗಳ ಒಳಾಂಗಣ ನವೀಕರಣಕ್ಕೆ ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ನೆಲೆಸಿ, ರಜೆಗೆ ಮಾತ್ರ ಊರಿಗೆ ಬರುವವರು. ಅವರ ಬೇಡಿಕೆಗಳೂ ಬಹುತೇಕ ಒಂದೇ: ಮಲಗುವ ಕೋಣೆಗೆ ಹೊಂದಿಕೊಂಡ ಬಚ್ಚಲು, ಮಾಡ್ಯುಲರ್ ಅಡುಗೆಮನೆ, ಮನೆಯ ನಡುವಿನ ತೆರೆದ ಅಂಗಳವಾದ ತೊಟ್ಟಿಯ ಮೇಲೊಂದು ಗಾಜಿನ ಹೊದಿಕೆ. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಆದರೆ ಯಾವುದು ಎಲ್ಲಿ ಬರಬೇಕೆಂಬುದನ್ನು ನಾನು ನಕ್ಷೆಯಲ್ಲಿ ನಿರ್ಧರಿಸುವುದಿಲ್ಲ, ಗೋಡೆಯ ಬುಡವನ್ನು ನೋಡಿ ನಿರ್ಧರಿಸುತ್ತೇನೆ.

ಆಗುಂಬೆ ಇರುವ ತಾಲ್ಲೂಕಿನ ಮಳೆಯಲ್ಲಿ ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿಕೊಳ್ಳುವುದು ಸಹಜ, ಸುಣ್ಣದ ಗಾರೆಯಿದ್ದರೆ ಆ ತೇವ ನಿಧಾನವಾಗಿ ಗಾಳಿಗೆ ಆರಿಹೋಗುವುದೂ ಸಹಜ. ಹಿಂದೆ ಯಾರೋ ದುರಸ್ತಿಯ ಹೆಸರಿನಲ್ಲಿ ಸಿಮೆಂಟ್ ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದಿದ್ದರೆ, ಆರಲು ದಾರಿಯಿಲ್ಲದ ತೇವ ಗೋಡೆಯೊಳಗೇ ಉಳಿದು, ಉಪ್ಪು ಹೊಮ್ಮಿ, ಬಾಗಿಲವಾಡದ ಬುಡ ಕೊಳೆತು, ಗೆದ್ದಲು ಸೇರುತ್ತದೆ. ಆದ್ದರಿಂದ ಸಿಮೆಂಟನ್ನು ಕೆತ್ತಿ ತೆಗೆದು, ಸುಣ್ಣದ ಗಾರೆಯನ್ನು ತೆಳುವಾದ ಪದರಗಳಲ್ಲಿ ಮತ್ತೆ ಹಚ್ಚಿಸುವುದು ನನ್ನ ಮೊದಲ ಕೆಲಸ. "ಎರಡು ಚೀಲ ಸಿಮೆಂಟ್ ಸಾಕಿತ್ತಲ್ಲ ಸಾರ್" ಎಂದು ಮೇಸ್ತ್ರಿಗಳು ಗೊಣಗುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ, ಏಕೆಂದರೆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ, ಅಷ್ಟು ದಿನ ಬಣ್ಣದ ಕೆಲಸ ನಿಂತಿರುತ್ತದೆ.

ಅತ್ಯಂತ ಹೆಚ್ಚು ಚರ್ಚೆಯಾಗುವುದು ಬಚ್ಚಲಿನ ವಿಷಯ. ಹಳೆಯ ಗೋಡೆಗೇ ನೇರವಾಗಿ ಟೈಲ್ಸ್ ಅಂಟಿಸಲು ನಾನು ಒಪ್ಪುವುದಿಲ್ಲ. ಗೋಡೆಯಿಂದ ನಾಲ್ಕೈದು ಅಂಗುಲ ಬಿಟ್ಟು ಉಕ್ಕಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಸಿಮೆಂಟ್ ಬೋರ್ಡ್ ಜೋಡಿಸಿ, ನಲ್ಲಿ ಮತ್ತು ಪೈಪುಗಳೆಲ್ಲ ಆ ಹೊಸ ಗೋಡೆಯಲ್ಲೇ ಹೋಗುವಂತೆ ಮಾಡುತ್ತೇನೆ. ಸ್ವಲ್ಪ ಜಾಗ ಹೋಗುತ್ತದೆ ನಿಜ, ಆದರೆ ಪೈಪು ಸೋರಿದರೆ ಮಣ್ಣಿನ ಗೋಡೆಯನ್ನು ಒಡೆಯಬೇಕಾಗುವುದಿಲ್ಲ. ಅಡುಗೆಮನೆಯ ಕಪಾಟುಗಳನ್ನೂ ಹೀಗೆಯೇ ಕಾಲುಗಳ ಮೇಲೆ, ಗೋಡೆಗೆ ತಾಗದಂತೆ ನಿಲ್ಲಿಸುತ್ತೇನೆ. ವೈರಿಂಗ್‌ಗಾಗಿ ಗೋಡೆ ಕೊರೆಯುವ ಬದಲು ತೊಲೆಗಳ ಪಕ್ಕದಲ್ಲೇ ಪೈಪು ಎಳೆಸುತ್ತೇನೆ.

ಬೆಳಕಿಗೆ ಉಪಾಯ ಸುಲಭ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚುಗಳು ಒಂದೇ ಅಚ್ಚಿನವಾದ್ದರಿಂದ, ಅವುಗಳ ನಡುವೆ ಅದೇ ಅಳತೆಯ ಗಾಜಿನ ಹೆಂಚನ್ನು ಕೂರಿಸಿದರೆ ಕತ್ತಲೆಯ ಕೋಣೆಗೂ ಹಗಲು ಇಳಿಯುತ್ತದೆ.

ತೊಟ್ಟಿಯನ್ನು ಗಾಜಿನಿಂದ ಪೂರ್ತಿ ಮುಚ್ಚಿದರೆ ಬಿಸಿ ಗಾಳಿ ಮೇಲಕ್ಕೆ ಹೋಗುವ ದಾರಿ ಕಟ್ಟಿಹೋಗಿ, ಒಳಗಿನ ತೇವವೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಜನ್ನು ಮಾಡಿನ ಅಂಚಿಗಿಂತ ಒಂದಡಿ ಎತ್ತರಿಸಿ, ನಾಲ್ಕೂ ಬದಿ ತೆರೆದಿಡುತ್ತೇನೆ. ಗಾಳಿಮಳೆಯ ದಿನಗಳಲ್ಲಿ ಎರಚಲು ಬಂದೇ ಬರುತ್ತದೆ ಎಂಬುದನ್ನು ಮನೆಯವರಿಗೆ ಕೆಲಸ ಆರಂಭಿಸುವ ಮುನ್ನವೇ ತಿಳಿಸುತ್ತೇನೆ. ತೊಟ್ಟಿಯ ನೀರು ಹೊರಗೆ ಹರಿಯುವ ಹಳೆಯ ಕಲ್ಲಿನ ಕಿಂಡಿಯನ್ನು ಮುಚ್ಚಲು ಬಿಡುವುದಿಲ್ಲ.