ಅಜ್ಜಿ ಹಾಗೇ ಹಾಡೋದು

"ಈ ಸಾಲು ಹೊಸದು. ಜಾನಪದಕ್ಕೆ ಹೀಗೆಲ್ಲ ಸೇರಿಸಬಾರದಮ್ಮ."

"ಅಜ್ಜಿ ಹಾಗೇ ಹಾಡೋದು ಸಾರ್."

ಶನಿವಾರದಿಂದ ಈ ಎರಡು ಮಾತು ತಲೆಯಿಂದ ಹೋಗುತ್ತಿಲ್ಲ. ಮಡಿಕೇರಿಯಲ್ಲಿ ಮಕ್ಕಳ ಜನಪದ ಗೀತೆ ಸ್ಪರ್ಧೆ. ಮಾದಾಪುರ ಕಡೆಯ ಹುಡುಗಿ ನಾಟಿ ಹಾಡು ಹಾಡಿದಳು. ಮಳೆಯನ್ನು ಕರೆಯುವ ಹಾಡು. ಅದರ ಕೊನೆಗೆ 2018ರ ಆಗಸ್ಟ್ ಬಂತು, ಗುಡ್ಡ ಜರಿದದ್ದು, ಗದ್ದೆ ಮುಚ್ಚಿದ್ದು, ಕರೆದ ಮಳೆಯೇ ಪೈರು ನುಂಗಿದ್ದು. ನನಗೆ ಮೈ ಜುಮ್ಮೆಂದಿತು. ತೀರ್ಪುಗಾರರು ಅಂಕ ಕಳೆದರು.

ಬಹುಮಾನ ಹೋಗಿದ್ದು ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಿದ ತಂಡಕ್ಕೆ. ಮಕ್ಕಳು ಚೆನ್ನಾಗಿಯೇ ಹಾಡಿದರು, ಅವರ ಮೇಲೆ ಸಿಟ್ಟಿಲ್ಲ. ಆದರೆ ಆ ಟ್ರ್ಯಾಕಿನಲ್ಲಿ ಒಂದು ಉಸಿರು ಆಚೀಚೆ ಆಗುವ ಹಾಗಿಲ್ಲ. ಹಾಡುವವರು ಮುಟ್ಟಲಾಗದ ಹಾಡು ಜಾನಪದ, ಅಜ್ಜಿ ತನ್ನ ಗದ್ದೆಯ ಕತೆ ಸೇರಿಸಿದ್ದು ಅಲ್ಲ, ಇದು ಯಾವ ನ್ಯಾಯ?

ತೀರ್ಪುಗಾರರು ಓದಿಕೊಂಡವರು, ಒಳ್ಳೆಯ ಕಂಠ ಇರುವವರು. ಹಾಗಾಗಿಯೇ ಬೇಜಾರು ಜಾಸ್ತಿ. ನಮ್ಮ ಕೊಡಗಿನಲ್ಲೇ ಕೊಡವರ ಮದುವೆಗೆ ಹೋಗಿ ನೋಡಿ. ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರು ಆ ಮನೆಯ ಹೆಸರು, ಆ ಒಕ್ಕದ, ಅಂದರೆ ಮನೆತನದ, ಹೆಸರು ಸೇರಿಸಿಯೇ ಹಾಡುತ್ತಾರೆ. ಸಾವಿನ ಮನೆಯಲ್ಲಿ ಹಾಡುವಾಗ ತೀರಿಕೊಂಡವರ ಬದುಕೇ ಹಾಡಾಗುತ್ತದೆ. ಧಾಟಿ ಹಳೆಯದು, ಸತ್ತವರು ನಿನ್ನೆಯವರು. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನೆಲ್ಲ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನೋ ಪುಸ್ತಕ ತಂದರು. ಅಚ್ಚಾಯಿತು ಅಂತ ಹಾಡುಗಾರರು ಹೊಸ ಹೆಸರು ಸೇರಿಸುವುದನ್ನು ನಿಲ್ಲಿಸಲಿಲ್ಲ, ಅಲ್ವಾ?

ಹೊರಗಿನ ಪಂಡಿತರೂ ಬೇರೆ ಹೇಳಿಲ್ಲ. ಅಂತರರಾಷ್ಟ್ರೀಯ ಜನಪದ ಸಂಗೀತ ಮಂಡಳಿ 1954ರಲ್ಲಿ ಮೂರು ಗುಣ ಹೇಳಿತು. ಹಿಂದಿನದರ ಜೊತೆ ನಂಟು ಇರಬೇಕು, ಹಾಡುವವರು ಬದಲಿಸುತ್ತಿರಬೇಕು, ಯಾವುದು ಉಳಿಯಬೇಕು ಅಂತ ಊರು ಆರಿಸಬೇಕು. ಒಬ್ಬರೇ ಕಟ್ಟಿದ ಹಾಡೂ ಜನರ ಬಾಯಿಗೆ ಬಿದ್ದು ಬೆಳೆದರೆ ಜಾನಪದವೇ. ರೆಡಿಮೇಡಾಗಿ ತಂದು, ಏನೂ ಬದಲಿಸದೆ ಹಾಡಿದರೆ ಅಲ್ಲ. ಅಜ್ಜಿಯ ಸಾಲು ಉಳಿಯುತ್ತದೋ ಇಲ್ಲವೋ, ಅದನ್ನು ಅವರ ಜೊತೆ ನಾಟಿಗೆ ಇಳಿಯುವ ಹೆಂಗಸರು ತೀರ್ಮಾನಿಸಲಿ. ವೇದಿಕೆ ಯಾಕೆ ತೀರ್ಮಾನಿಸಬೇಕು?

ಜೊತೆಗೆ ಬಂದಿದ್ದ ಮೇಷ್ಟ್ರು ಸುಮ್ನೆ ಕೂತಿದ್ದರು. ಅದೇ ನನಗೆ ಹೆಚ್ಚು ಚುಚ್ಚಿತು. ಹುಡುಗಿ ಮಾತ್ರ ಗಟ್ಟಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ಅಜ್ಜಿ ಹಾಗೇ ಹಾಡೋದು ಸಾರ್."

ಮುಂದಿನ ವರ್ಷದ ನಿಯಮಕ್ಕೆ ಸಲಹೆ ಕೇಳಿದ್ದಾರೆ. ಬರೆದು ಕಳಿಸುತ್ತಿದ್ದೇನೆ: ಟ್ರ್ಯಾಕ್ ಬೇಡ, ಹೊಸ ಸಾಲಿಗೆ ಅಂಕ ಕಳೆಯಬೇಡಿ, ತೀರ್ಪು ಕೊಡಲು ಹಾಡುವ ಅಜ್ಜಿಯರನ್ನೂ ಕೂರಿಸಿ.